ಕೌಲ್ ಬಜಾರಿನ ಸಾಣೆ, ಲೇಹ್‌ನ ಮಂಜುಗಡ್ಡೆ

ಕಳೆದ ಚಳಿಗಾಲದಲ್ಲಿ ರಜೆಗೆಂದು ಬಳ್ಳಾರಿಗೆ ಬಂದ ಮೂರನೆಯ ದಿನ ಐಸ್ ಹಾಕಿಯ, ಅಂದರೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ, ಚೀಲವನ್ನು ಬಿಚ್ಚಿ, ಸ್ಕೇಟ್‌ ಎಂಬ ಬೂಟುಗಳ ಅಡಿಯ ಉಕ್ಕಿನ ಅಲಗಿಗೆ ಸಿಕ್ಕಿಸಿದ್ದ ಗಟ್ಟಿ ಪ್ಲಾಸ್ಟಿಕ್ ಕವಚವನ್ನು ತೆಗೆದಾಗ, ಕವಚದ ಒಳಗೋಡೆಯ ತುಂಬ ತುಕ್ಕಿನ ಬಣ್ಣದ ತೇವ ಅಂಟಿಕೊಂಡಿತ್ತು. ಕೆನಡಾದ ಎಡ್ಮಂಟನ್‌ನಲ್ಲಿ ಕೊನೆಯ ಆಟ ಮುಗಿಸಿದ ರಾತ್ರಿಯೇ ವಿಮಾನ ಹಿಡಿಯಬೇಕಾಗಿದ್ದುದರಿಂದ, ಅಲಗನ್ನು ಒರೆಸದೆ ಕವಚ ಹಾಕಿ ಚೀಲಕ್ಕೆ ತುರುಕಿದ್ದೆ. ಆ ಗಟ್ಟಿ ಕವಚ ಇರುವುದು ನೆಲದ ಮೇಲೆ ನಡೆದಾಡುವಾಗ ಅಂಚು ಕೆಡದಿರಲೆಂದೇ ಹೊರತು, ಅಲಗನ್ನು ಅದರೊಳಗೆ ದಿನಗಟ್ಟಲೆ ಇಡಲಿಕ್ಕಲ್ಲ. ಆಟ ಮುಗಿದ ಮೇಲೆ ಅಲಗನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ತೇವ ಹೀರುವ ಬಟ್ಟೆಯ ಚೀಲ ತೊಡಿಸಬೇಕು. ಐಸ್ ಹಾಕಿ ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಈ ಪಾಠವನ್ನು ನಾನು ಆರನೆಯ ವರ್ಷದಲ್ಲಿ ಮರೆತಿದ್ದೆ. ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಓಡಿಸಿದರೆ ನಾಲ್ಕೈದು ಕಡೆ ತಡೆಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಇಬ್ಬರು ಗೆಳೆಯರೊಡನೆ ಲೇಹ್‌ಗೆ ಹೋಗಿ, ಅಲ್ಲಿನ ಕರ್ಜೂ ಅಂಗಳದ ಸಹಜ ಮಂಜುಗಡ್ಡೆಯ ಮೇಲೆ ಆಡುವುದೆಂದು ಮೊದಲೇ ಟಿಕೆಟ್ ಮಾಡಿಸಿದ್ದೆವು. ಅಲಗನ್ನು ಅಲ್ಲಿಯೇ ಸರಿಮಾಡಿಸಬಹುದಿತ್ತು. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಉಸಿರು ಹೊಂದಿಕೊಳ್ಳಲೆಂದು ಮೊದಲ ಎರಡು ದಿನ ಸುಮ್ಮನೆ ಕೂರಬೇಕು. ಉಳಿಯುವ ನಾಲ್ಕು ದಿನಗಳಲ್ಲಿ ಒಂದನ್ನು ಸಾಣೆಗಾಗಿ ಕಳೆಯಲು ಮನಸ್ಸಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಾಣೆ ಹಿಡಿಯುವವರ ಮನೆಯಲ್ಲಿ ಹುಟ್ಟಿ, ಮೊಂಡು ಅಲಗು ಹೊತ್ತುಕೊಂಡು ಊರು ಬಿಡುವುದಕ್ಕೆ ನಾಚಿಕೆಯಾಯಿತು.

ನಮ್ಮ ತಂದೆಯವರ ಅಂಗಡಿ ಕೌಲ್ ಬಜಾರಿನಲ್ಲಿದೆ. ಅಂಗಡಿಯೆಂದರೆ ಎಂಟು ಅಡಿ ಅಗಲದ ಒಂದು ಕೋಣೆ, ಎರಡು ಬೆಂಚ್ ಗ್ರೈಂಡರ್, ಎಣ್ಣೆ ಕುಡಿದು ಕಪ್ಪಾದ ಒಂದು ಮೇಜು. ಊರಿನ ಜೀನ್ಸ್ ಘಟಕಗಳಿಂದ ಬರುವ ಹತ್ತು, ಹನ್ನೆರಡು ಇಂಚಿನ ಕತ್ತರಿಗಳು, ಬಟ್ಟೆಯ ಹತ್ತಾರು ಪದರಗಳನ್ನು ಒಟ್ಟಿಗೆ ಕೊಯ್ಯುವ ಯಂತ್ರದ ನೇರ ಅಲಗುಗಳು ಅವರ ಕೈಯಲ್ಲಿ ಸಾಣೆ ಕಾಣುತ್ತವೆ. ಜೀನ್ಸ್ ಬಟ್ಟೆ ಕತ್ತರಿಯನ್ನು ಬೇಗ ಮೊಂಡು ಮಾಡುವುದರಿಂದ ಅವರಿಗೆ ಕೆಲಸಕ್ಕೆ ಕೊರತೆಯಿಲ್ಲ. ನಾನು ಸ್ಕೇಟನ್ನು ಮೇಜಿನ ಮೇಲಿಟ್ಟಾಗ ಕತ್ತರಿ ಒಯ್ಯಲು ಬಂದಿದ್ದ ಒಬ್ಬರು, “ಹಾಕಿ ಆಡಾಕ ಚಾಕು ಯಾಕ ಬೇಕು?” ಎಂದು ಕೇಳಿದರು. ನಮ್ಮ ಕಡೆ ಹಾಕಿಯೆಂದರೆ ಮೈದಾನದ ಹಾಕಿಯೇ ಆದ್ದರಿಂದ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ತಂದೆಯವರು ಮಾತ್ರ ಕನ್ನಡಕ ಏರಿಸಿ, ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಇದಕ್ಕ ಎರಡು ಬಾಯಿ ಅದಾವಲ್ಲಪ್ಪ” ಎಂದರು.

ಐಸ್ ಹಾಕಿ ಸ್ಕೇಟಿನ ಅಲಗು ಚಾಕುವಿನಂತೆ ಒಂದು ಮೊನೆಗೆ ಬಂದು ಮುಗಿಯುವುದಿಲ್ಲ. ಅದು ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ. ಅದರ ತಳದಲ್ಲಿ ಹಿಮ್ಮಡಿಯಿಂದ ಮುಂಗಾಲಿನವರೆಗೆ ಒಂದು ಸಣ್ಣ ಕಾಲುವೆಯಂತಹ ತಗ್ಗು ಓಡುತ್ತದೆ. ಕಾಲುವೆಯ ಎರಡು ದಂಡೆಗಳೇ ಒಳ ಅಂಚು ಮತ್ತು ಹೊರ ಅಂಚು. ತಿರುಗುವಾಗ, ತಳ್ಳುವಾಗ, ಒಮ್ಮೆಲೇ ನಿಲ್ಲುವಾಗ ಮಂಜುಗಡ್ಡೆಯನ್ನು ಕಚ್ಚುವುದು ಈ ದಂಡೆಗಳು. ಕಾಲುವೆಯ ಬಾಗು ಯಾವ ವೃತ್ತದ ತುಣುಕೋ, ಆ ವೃತ್ತದ ತ್ರಿಜ್ಯದಿಂದ ಅದರ ಆಳವನ್ನು ಹೇಳುವುದು ರೂಢಿ. ಹೆಚ್ಚಾಗಿ ಕೇಳಿಬರುವ ಅಳತೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ತ್ರಿಜ್ಯ ಚಿಕ್ಕದಾದಷ್ಟೂ ತಗ್ಗು ಆಳವಾಗಿ ಅಂಚು ಹೆಚ್ಚು ಕಚ್ಚುತ್ತದೆ. ದೊಡ್ಡದಾದಷ್ಟೂ ಕಚ್ಚುವುದು ಕಡಿಮೆಯಾಗಿ ಜಾರುವುದು ಸರಾಗವಾಗುತ್ತದೆ. ಹಗುರ ಮೈಯವರು ಆಳದ ತಗ್ಗನ್ನು ಬಯಸಿದರೆ, ಭಾರದವರನ್ನು ಅವರ ತೂಕವೇ ಮಂಜಿನೊಳಕ್ಕೆ ಒತ್ತುವುದರಿಂದ ಅವರಿಗೆ ಕಡಿಮೆ ಆಳ ಸಾಕು. ಮಂಜುಗಡ್ಡೆ ತಣ್ಣಗಾದಷ್ಟೂ ಗಟ್ಟಿಯಾಗುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಕಚ್ಚುವ ಅಂಚು ಬೇಕಾಗುತ್ತದೆ. ನನ್ನ ತೂಕ 82 ಕೆ.ಜಿ. ಎಡ್ಮಂಟನ್‌ನ ಒಳಾಂಗಣದಲ್ಲಿ ನಾನು ಬಳಸುತ್ತಿದ್ದುದು 15.9 ಮಿ.ಮೀ. ತ್ರಿಜ್ಯ. ಲೇಹ್‌ನ ಬಯಲು ಮಂಜಿಗೆ ಅದು ಸಾಲದೆಂದು ಎಣಿಸಿ 12.7ಕ್ಕೆ ಇಳಿಸಲು ನಿರ್ಧರಿಸಿದೆ.

ಈ ತಗ್ಗಿನ ಆಳ ಎಷ್ಟೆಂದು ತಂದೆಯವರು ಕೇಳಿದಾಗ ನಾನು ಅಂದಾಜಿನಲ್ಲಿ ಅರ್ಧ ಮಿ.ಮೀ. ಇರಬಹುದೆಂದೆ. ಆಮೇಲೆ ಲೆಕ್ಕ ಹಾಕಿದರೆ, 3 ಮಿ.ಮೀ. ಅಗಲಕ್ಕೆ 12.7 ತ್ರಿಜ್ಯದ ಬಾಗು ಕೊಡುವ ಆಳ 0.09 ಮಿ.ಮೀ. ಮಾತ್ರ. ಆರು ವರ್ಷ ಅದರ ಮೇಲೆ ನಿಂತು ಓಡಿದವನಿಗೆ ಅದು ಗೊತ್ತಿರಲಿಲ್ಲ. ತಂದೆಯವರಿಗೆ ಇದು ಅಚ್ಚರಿಯೆನಿಸಲಿಲ್ಲ. ಅವರು ಒಂದು ಕತ್ತರಿಯ ತಿರುಪು ಬಿಚ್ಚಿ, ಅಲಗಿನ ಒಳಮೈ ಮೇಲೆ ಸ್ಕೇಲ್ ಇಟ್ಟು, ನಡುವೆ ಕೂದಲೆಳೆಯಷ್ಟು ಬೆಳಕು ನುಸುಳುವುದನ್ನು ತೋರಿಸಿದರು. ಒಳ್ಳೆಯ ಕತ್ತರಿಯ ಒಳಮೈ ಎಂದೂ ಸಪಾಟಾಗಿರುವುದಿಲ್ಲ. ನಡುವೆ ಸ್ವಲ್ಪ ತಗ್ಗಿದ್ದರಷ್ಟೇ ಎರಡು ಅಲಗುಗಳು ಅಂಚಿನಲ್ಲಿ ಮಾತ್ರ ಸಂಧಿಸಿ ಬಟ್ಟೆ ಕೊಯ್ಯುತ್ತವೆ. ತಿಳಿಯದವರು ಒಳಮೈಯನ್ನೇ ಕಲ್ಲಿಗೆ ಒತ್ತಿ ಸಪಾಟು ಮಾಡಿ ಕತ್ತರಿ ಕೆಡಿಸುತ್ತಾರೆಂಬುದು ಅವರ ಹಳೆಯ ದೂರು. ಸ್ಕೇಟನ್ನು ಅವರು ಅರ್ಥ ಮಾಡಿಕೊಂಡದ್ದು ಆ ಕತ್ತರಿಯ ಮೂಲಕ.

ಎರಡು ದಂಡೆಗಳು ಒಂದೇ ಎತ್ತರದಲ್ಲಿರಬೇಕು ಎಂಬುದನ್ನು ನಾನು ಕಲಿತದ್ದು ಮಾತ್ರ ಬಿದ್ದು ಬಿದ್ದು. ಎಡ್ಮಂಟನ್‌ನಲ್ಲಿ ಆಟ ಶುರುಮಾಡಿದ ವರ್ಷ ಒಂದು ಅಂಗಡಿಯಲ್ಲಿ ಸಾಣೆ ಹಿಡಿಸಿಕೊಂಡು ಬಂದ ಮೇಲೆ, ಎಡಕ್ಕೆ ತಿರುಗಿದಾಗಲೆಲ್ಲ ಬಲಗಾಲು ಹೊರಕ್ಕೆ ಜಾರುತ್ತಿತ್ತು. ನನಗೇ ಬರುವುದಿಲ್ಲವೆಂದು ತಿಳಿದು ಒಂದು ತಿಂಗಳು ಅದನ್ನೇ ಅಭ್ಯಾಸ ಮಾಡಿದೆ. ಕೊನೆಗೆ ಜೊತೆಯ ಆಟಗಾರನೊಬ್ಬ ಸ್ಕೇಟನ್ನು ತಲೆಕೆಳಗಾಗಿಸಿ, ಎರಡು ಅಂಚಿನ ಮೇಲೆ ಒಂದು ನಾಣ್ಯವನ್ನು ಅಡ್ಡಲಾಗಿ ಇಟ್ಟು ತೋರಿಸಿದ. ನಾಣ್ಯ ಒಂದು ಕಡೆಗೆ ವಾಲಿತ್ತು. ಒಳ ಅಂಚು ಹೊರ ಅಂಚಿಗಿಂತ ತಗ್ಗಾಗಿತ್ತು. ಹರಿತದಲ್ಲಿ ಯಾವ ಕೊರತೆಯೂ ಇರಲಿಲ್ಲ, ಬೆರಳು ಕೊಯ್ಯುವಷ್ಟಿತ್ತು. ಅಂದಿನಿಂದ ನನಗೆ ಚೂಪಿಗಿಂತ ಸಮದ ಚಿಂತೆಯೇ ಹೆಚ್ಚು.

ತುಕ್ಕು ಹಿಡಿದ ಅಲಗನ್ನು ಮೊದಲು ಕೈಗಾರಿಕಾ ಪ್ರದೇಶದ ಪರಿಚಯದ ಲೇತ್ ಶೆಡ್ಡಿಗೆ ಒಯ್ದೆವು. ಈಗಿನ ಸ್ಕೇಟ್‌ಗಳಲ್ಲಿ ಅಲಗು ಬೂಟಿನಡಿಯ ಹಿಡಿಕೆಯಿಂದ ಕಳಚಿ ಬರುವುದರಿಂದ ಬೂಟನ್ನು ಹೊತ್ತೊಯ್ಯುವ ಅಗತ್ಯವಿರಲಿಲ್ಲ. ಶೆಡ್ಡಿನಲ್ಲಿ ಲೋಹದ ಮೈಯನ್ನು ಸಪಾಟಾಗಿ ಸವೆಸುವ ಸರ್ಫೇಸ್ ಗ್ರೈಂಡರ್ ಇತ್ತು. ಅಲಗನ್ನು ವೈಸಿಗೆ ಬಿಗಿದು, ಕಲ್ಲಿನ ಮುಖವನ್ನು ಗುಂಡಗೆ ಮಾಡಿ, ಉದ್ದಕ್ಕೂ ಒಂದು ಓಟ ಓಡಿಸಿದರೆ ಹತ್ತು ನಿಮಿಷದ ಕೆಲಸವೆಂದು ಅಲ್ಲಿನವರು ಹೇಳಿದರು, ಮತ್ತು ನಾನೂ ತಲೆಯಾಡಿಸಿದೆ. ಯಂತ್ರ ಚಾಲೂ ಆಗುವ ಮೊದಲು ತಂದೆಯವರು ಅಲಗನ್ನು ಸಪಾಟು ಕಬ್ಬಿಣದ ಮೇಲೆ ನಿಲ್ಲಿಸಿ ಬೆರಳಿನಿಂದ ತಳ್ಳಿದರು. ಅದು ತೊಟ್ಟಿಲಿನಂತೆ ತೂಗಿತು. ಅಲಗಿನ ತಳ ಉದ್ದಕ್ಕೂ ಬಾಗಿರುತ್ತದೆ, ಅದರ ತ್ರಿಜ್ಯ ಒಂಬತ್ತು, ಹತ್ತು, ಹನ್ನೊಂದು ಅಡಿ, ಅವರವರ ರೂಢಿಯಂತೆ. ಈ ತೂಗುವಿಕೆಯಿಂದಲೇ ಆಟಗಾರ ಒಂದೇ ಕಾಲಿನ ಮೇಲೆ ಥಟ್ಟನೆ ತಿರುಗಬಲ್ಲ. ಸರ್ಫೇಸ್ ಗ್ರೈಂಡರ್‌ನ ಮೇಜು ನೇರಕ್ಕೆ ಮಾತ್ರ ಓಡುತ್ತದೆ; ಅದು ನಡುವಿನ ಉಬ್ಬನ್ನು ಸವೆಸಿ ಅಲಗನ್ನು ಪಟ್ಟಿಯಾಗಿಸುತ್ತಿತ್ತು. ಆ ಮೇಲೆ ಎಷ್ಟೇ ಹರಿತವಾಗಿದ್ದರೂ ಅದು ಸ್ಕೇಟಾಗಿ ಉಳಿಯುತ್ತಿರಲಿಲ್ಲ. ನಾನು ಕಲಿತವನೆಂಬ ಹೆಮ್ಮೆ ಅಲ್ಲಿಗೆ ಇಳಿಯಿತು.

ಆದ್ದರಿಂದ ಯಂತ್ರವನ್ನು ನಾವೇ ಕಟ್ಟಬೇಕಾಯಿತು. ಸ್ಕೇಟ್ ಸಾಣೆಯ ಯಂತ್ರಗಳಲ್ಲಿ ಕಲ್ಲು ಬುಗುರಿಯಂತೆ ನೆಲಕ್ಕೆ ಸಮಾಂತರವಾಗಿ ತಿರುಗುತ್ತದೆ; ಸ್ಕೇಟನ್ನು ಒಂದು ಹಿಡಿಕೆಗೆ ಬಿಗಿದು ಮಲಗಿಸಿ, ಕೈಯಿಂದಲೇ ಅಲಗಿನ ಬಾಗನ್ನು ಅನುಸರಿಸುತ್ತ ಕಲ್ಲಿನ ಎದುರು ಸರಿಸುತ್ತಾರೆ. ಹಾಗೆ ಕೈ ಬಾಗನ್ನು ಹಿಂಬಾಲಿಸುವುದರಿಂದಲೇ ಉದ್ದದ ಬಾಗು ಉಳಿಯುತ್ತದೆ. ತಂದೆಯವರ ಹಳೆಯ ಬೆಂಚ್ ಗ್ರೈಂಡರನ್ನು ಕೋನಕಬ್ಬಿಣದ ಚೌಕಟ್ಟಿಗೆ ಅಡ್ಡ ಮಲಗಿಸಿ ಬಿಗಿದೆವು. ಅದಕ್ಕೆ 150 ಮಿ.ಮೀ. ವ್ಯಾಸದ, 13 ಮಿ.ಮೀ. ದಪ್ಪದ ಬಿಳಿಯ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲನ್ನು, 80ರ ಕಣದ್ದನ್ನು, ಹಾಕಿದೆವು. ಮೇಜಾಗಿ ಹೊಳಪು ಕೊಟ್ಟ ಗ್ರಾನೈಟ್ ಚೂರೊಂದನ್ನು ಬಳಸಿದೆವು. ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಕಲ್ಲು ನಮ್ಮಲ್ಲಿ ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದದ್ದು ಸುಲಭವಾಗಿ ಸಿಗುತ್ತದೆ, ಮತ್ತು ಅದರಷ್ಟು ಸಪಾಟಾದ ಮೈ ಕಬ್ಬಿಣದಲ್ಲಿ ಅಗ್ಗಕ್ಕೆ ಸಿಗುವುದಿಲ್ಲ. ಅಲಗನ್ನು ಹಿಡಿಯಲು ಎರಡು ಅಲ್ಯೂಮಿನಿಯಂ ಫಲಕಗಳ ನಡುವೆ ಮೂರು ತಿರುಪು.

ಬಹಳ ಹೊತ್ತು ಹಿಡಿದದ್ದು ಕಲ್ಲಿನ ಮುಖವನ್ನು ಗುಂಡಗೆ ಮಾಡುವ ಸಾಧನ. ಅಲಗಿನಲ್ಲಿ ತಗ್ಗು ಬೀಳಬೇಕಾದರೆ ಕಲ್ಲಿನ ಅಂಚು ಅಷ್ಟೇ ತ್ರಿಜ್ಯದಲ್ಲಿ ಉಬ್ಬಿರಬೇಕು. ಅದನ್ನು ಹಾಗೆ ಕೆತ್ತುವುದು ಒಂದು ವಜ್ರದ ಮೊನೆ. ಲೇತ್ ಶೆಡ್ಡಿನವರು ಕುದುರೆ ಲಾಳದಂತಹ ಒಂದು ತೋಳನ್ನು ಮಾಡಿಕೊಟ್ಟರು. ಅದರ ಎರಡು ತುದಿಗಳ ಕೀಲುಗಳು ಕಲ್ಲಿನ ಎಡಬಲಕ್ಕೆ ನಿಲ್ಲುತ್ತವೆ, ನಡುವಿನ ವಜ್ರದ ಮೊನೆ ಕಲ್ಲಿನ ಕಡೆ ಮುಖ ಮಾಡಿರುತ್ತದೆ, ತೋಳನ್ನು ಮೇಲಿಂದ ಕೆಳಕ್ಕೆ ಬೀಸಿದರೆ ಮೊನೆ ಕಲ್ಲಿನ ಅಂಚಿನ ಮೇಲೆ ಕಮಾನು ಎಳೆಯುತ್ತದೆ. ಕೀಲುಗಳ ನೇರಕ್ಕೂ ವಜ್ರದ ಮೊನೆಗೂ ಇರುವ ದೂರವೇ ತ್ರಿಜ್ಯ. ವರ್ನಿಯರ್ ಅಳತೆಗೋಲಿನಲ್ಲಿ ಅದನ್ನು 12.7ಕ್ಕೆ ತಂದು ಬಿಗಿದ ದಿನ ಸಂಜೆ, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ತರಿಸಿ ಶೆಡ್ಡಿನವರೊಂದಿಗೆ ತಿಂದೆವು.

ನನ್ನ ಬಳಿ ಸವೆದ ಹಳೆಯ ಅಲಗುಗಳ ಜೋಡಿಯೊಂದಿತ್ತು. ಮೊದಲ ಪ್ರಯೋಗವನ್ನು ಅವುಗಳ ಮೇಲೆ ಮಾಡಿದ್ದು ಪುಣ್ಯ. ಅಲಗಿನ ತಗ್ಗಿಗೆ ಕಪ್ಪು ಮಾರ್ಕರ್ ಬಳಿದು ಒಂದು ಓಟ ಎಳೆದು ನೋಡಿದರೆ, ಮಸಿ ಎಲ್ಲಿ ಅಳಿದಿದೆಯೋ ಅಲ್ಲಿ ಕಲ್ಲು ತಾಕಿದೆ ಎಂದರ್ಥ. ನಮ್ಮ ಮೊದಲ ಓಟದಲ್ಲಿ ಮಸಿ ಒಂದೇ ದಂಡೆಯ ಕಡೆ ಅಳಿದಿತ್ತು; ಅಲಗಿನ ನಡುಗೆರೆಯೂ ಕಲ್ಲಿನ ಉಬ್ಬಿನ ನೆತ್ತಿಯೂ ಒಂದೇ ಎತ್ತರದಲ್ಲಿರಲಿಲ್ಲ. ಇಷ್ಟು ಸಣ್ಣ ಏರುಪೇರಿನಿಂದ ಏನಾದೀತೆಂದು ಲೆಕ್ಕ ಹಾಕಿದರೆ ದಂಗಾಗುವಂತಿತ್ತು: ಹಿಡಿಕೆ ಅರ್ಧ ಮಿ.ಮೀ. ಎತ್ತರವಾದರೂ ಒಂದು ದಂಡೆ ಇನ್ನೊಂದಕ್ಕಿಂತ ಸುಮಾರು 0.12 ಮಿ.ಮೀ. ಹೆಚ್ಚಾಗಿ ನಿಲ್ಲುತ್ತದೆ, ಅಂದರೆ ತಗ್ಗಿನ ಇಡೀ ಆಳಕ್ಕಿಂತಲೂ ಹೆಚ್ಚು. ಎಡ್ಮಂಟನ್‌ನಲ್ಲಿ ನಾನು ತಿಂಗಳಿಡೀ ಬಿದ್ದದ್ದು ಬಹುಶಃ ಯಾರೋ ಒಂದು ತಿರುಪನ್ನು ಕಾಲು ಸುತ್ತು ಮರೆತದ್ದರಿಂದ.

ಎತ್ತರವನ್ನು ಹೊಂದಿಸಲು ಪಕ್ಕದ ಮೋಟರ್‌ಸೈಕಲ್ ಮೆಕ್ಯಾನಿಕ್‌ನಿಂದ ಸಂದು ಅಳೆಯುವ ಫೀಲರ್ ಗೇಜ್ ತಂದು, ಅದರ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳನ್ನು ಬಿಚ್ಚಿ ಗ್ರಾನೈಟ್‌ನ ಕೆಳಗೆ ಇಡುತ್ತ ಹೋದೆವು. ಮೊದಲು 0.30 ಮಿ.ಮೀ., ಸಾಲದೆ ಅದರ ಜೊತೆಗೆ 0.10, ಹೆಚ್ಚಾಯಿತೆಂದು ಅದನ್ನು ತೆಗೆದು 0.05. ಪ್ರತಿ ಸಲವೂ ಮಸಿ, ಒಂದು ಓಟ, ಮತ್ತೆ ನೋಟ. ಸಮವನ್ನು ನೋಡಲು ಉಕ್ಕಿನ ಸ್ಕೇಲಿನ ತುಂಡನ್ನು ಎರಡು ಅಂಚಿನ ಮೇಲೆ ಅಡ್ಡ ಇಟ್ಟು, ಸಣ್ಣ ಅಯಸ್ಕಾಂತದಿಂದ ಹಿಡಿಸಿ, ಅಲಗಿನ ಮೈಗೆ ಮೂಲೆಮಟ್ಟ ತಾಗಿಸುತ್ತಿದ್ದೆವು. ಇದನ್ನು ಹಿಮ್ಮಡಿ, ನಡು, ಮುಂಗಾಲು ಮೂರು ಕಡೆಯೂ ಮಾಡಬೇಕು. ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ತಪ್ಪಿದ್ದರೆ ಅಲಗು ಸೊಟ್ಟಗೆ ಬಿಗಿದುಕೊಂಡಿದೆ ಎಂದು ತಿಳಿಯಬೇಕು.

ಎರಡನೆಯ ತಪ್ಪು ನನ್ನ ಕೈಯದು. ಅಲಗನ್ನು ಸರಿಸುತ್ತ ಮುಂಗಾಲಿನ ತುದಿಗೆ ಬಂದಾಗ, ಬಾಗು ಹೆಚ್ಚಿರುವ ಅಲ್ಲಿ ಕೈ ತಡೆದು ಒಂದು ಕ್ಷಣ ನಿಂತಿತು. ಅಷ್ಟರಲ್ಲಿ ಕಿಡಿಯ ಬಣ್ಣ ಬದಲಾಗಿ ಉಕ್ಕಿನ ಮೇಲೆ ಉಗುರಿನಗಲ ನೀಲಿ ಮೂಡಿತು. “ನೀಲಿ ಬಂತಂದ್ರ ಹದ ಹೋತು” ಎಂದು ತಂದೆಯವರು ಅಲಗನ್ನು ಕೈಯಿಂದ ಕಸಿದರು. ಸುಟ್ಟ ಉಕ್ಕು ಮೆತ್ತಗಾಗಿ, ಅಲ್ಲಿ ಅಂಚು ಹೆಚ್ಚು ದಿನ ನಿಲ್ಲುವುದಿಲ್ಲ. ಅಂದಿನಿಂದ ಅವರು ಕಲಿಸಿದ ಕ್ರಮ ಹೀಗಿತ್ತು: ಕಲ್ಲು ತಾಕುವ ಮೊದಲೇ ಕೈ ಚಲನೆಯಲ್ಲಿರಬೇಕು, ಕಲ್ಲು ಬಿಟ್ಟ ಮೇಲೆಯೇ ನಿಲ್ಲಬೇಕು, ಒತ್ತಡ ಹಿಟ್ಟು ಜರಡಿಯಾಡಿಸುವಷ್ಟೇ ಇರಬೇಕು. ಗ್ರೈಂಡರಿನ ಸದ್ದು ಒಂದೇ ಶ್ರುತಿಯಲ್ಲಿರಬೇಕೆಂದೂ, ಅದು ಕುಗ್ಗಿದರೆ ನಾನು ಒತ್ತುತ್ತಿದ್ದೇನೆಂದೂ ಅವರು ಹೇಳುತ್ತಿದ್ದರು. ಎರಡು ದಿನ ಹಳೆಯ ಅಲಗಿನ ಮೇಲೆ ಬರೀ ಈ ಓಟವನ್ನೇ ಅಭ್ಯಾಸ ಮಾಡಿದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಸಂಜೆಯ ಹೊತ್ತಿಗೆ ಹುಬ್ಬಿನ ಮೇಲೆ ಬಿಳಿಯ ಧೂಳು.

ಆಡುವ ಅಲಗಿಗೆ ಕೈ ಹಾಕಿದ್ದು ಹೊರಡಲು ಐದು ದಿನ ಇರುವಾಗ. ವಜ್ರದಿಂದ ಕಲ್ಲಿನ ಮುಖವನ್ನು ಹೊಸದಾಗಿ ಕೆತ್ತಿ, ತುಕ್ಕಿನ ಕುಳಿಗಳು ಹೋಗುವವರೆಗೆ ಹಿಮ್ಮಡಿಯಿಂದ ಮುಂಗಾಲಿಗೆ ಹಗುರವಾಗಿ ಓಡಿಸಿದೆವು. ಎಡ ಅಲಗಿಗೆ ಹದಿನಾಲ್ಕು ಓಟ ಬೇಕಾಯಿತು, ಬಲಕ್ಕೆ ಹನ್ನೊಂದು. ಕೊನೆಗೆ ಕಲ್ಲನ್ನು ಮತ್ತೊಮ್ಮೆ ಕೆತ್ತಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ, ತಾಕಿಯೂ ತಾಕದಂತಹ ಎರಡು ಓಟ. ತಗ್ಗು ಕನ್ನಡಿಯಂತೆ ಹೊಳೆಯಿತು. ಅಂಚಿನಲ್ಲಿ ಮಾತ್ರ ಸಾಣೆಯ ನಂತರ ಯಾವಾಗಲೂ ಉಳಿಯುವ ಲೋಹದ ಎಳೆ, ನಮ್ಮ ಅಂಗಡಿಯಲ್ಲಿ ಬರ್ ಎನ್ನುವುದು, ಹೊರಮೈಗೆ ಮಡಿಚಿಕೊಂಡಿತ್ತು. ಅದನ್ನು ಬಿಟ್ಟರೆ ಮೊದಲ ನಿಮಿಷ ಹರಿತವೆನಿಸಿ, ನಂತರ ಅದು ಮುರಿದಾಗ ಅಂಚೂ ಚೂರುಚೂರಾಗುತ್ತದೆ. ನಯವಾದ ಕೈಸಾಣೆಯನ್ನು ಅಲಗಿನ ಪಕ್ಕದ ಮೈಗೆ ಪೂರ್ತಿ ಒರಗಿಸಿ, ಎಳ್ಳಷ್ಟೂ ಓರೆ ಮಾಡದೆ, ನಾಲ್ಕು ಸಲ ಎಳೆದು ತಂದೆಯವರು ಅದನ್ನು ತೆಗೆದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಸವರಿದಾಗ ಉಗುರಿನ ಬಿಳಿ ಪುಡಿ ಎದ್ದಿತು, ಉದ್ದಕ್ಕೂ ಒಂದೇ ಸಮನಾಗಿ.

ಪರೀಕ್ಷಿಸಲು ಬಳ್ಳಾರಿಯಲ್ಲಿ ಮಂಜಿನ ಅಂಗಳವೆಲ್ಲಿ? ಐಸ್ ಫ್ಯಾಕ್ಟರಿಯಿಂದ ಒಂದು ಗಡ್ಡೆಯನ್ನು ಗೋಣಿತಾಟಿನಲ್ಲಿ ಸುತ್ತಿ ತಂದೆವು. ಜನವರಿಯಾದರೂ ಮಧ್ಯಾಹ್ನದ ಬಿಸಿಲು ಬಿಸಿಲೇ. ಅಂಗಡಿಯ ಮುಂದೆ ಇಳಿಸುವಷ್ಟರಲ್ಲಿ ಅದರ ಮೇಲೆ ನೀರು ನಿಂತಿತ್ತು. ಬೂಟಿಗೆ ಅಲಗು ಸಿಕ್ಕಿಸಿ, ಕೈಯಿಂದ ನೇರವಾಗಿ ಒತ್ತಿ ಎಳೆದಾಗ ಎರಡು ಸಣ್ಣ ಗೆರೆಗಳು ಮೂಡಿದವು. ಒದ್ದೆ ಗಡ್ಡೆಯ ಮೇಲೆ ಹಿಡಿತವನ್ನು ಅಳೆಯಲಾಗದು, ಆದರೆ ಗೆರೆ ಎರಡಿವೆಯೇ, ಎರಡೂ ಒಂದೇ ದಪ್ಪವಿವೆಯೇ ಎಂದು ನೋಡಬಹುದು. ಬೀದಿಯ ಮಕ್ಕಳು ಸುತ್ತ ನಿಂತು ನೋಡಿ, ಪರೀಕ್ಷೆ ಮುಗಿದ ಮೇಲೆ ಗಡ್ಡೆಯನ್ನು ಒಡೆದು ಹಂಚಿಕೊಂಡರು.

ಕರ್ಜೂವಿನಲ್ಲಿ ಮೊದಲ ಬೆಳಿಗ್ಗೆ ಮಂಜು ಬೂದುಬಣ್ಣದ್ದಾಗಿ, ಗಾಜಿನಷ್ಟು ಗಟ್ಟಿಯಾಗಿತ್ತು. ರಾತ್ರಿ ನೀರು ಹಾಯಿಸಿ ಹೆಪ್ಪುಗಟ್ಟಿಸುವ ಅಂಗಳ ಅದು. ಅಲ್ಲಿ ಕಂಡ ಲಡಾಖಿ ಹುಡುಗಿಯರ ಓಟವನ್ನು ನೋಡಿದರೆ, ಭಾರತದ ಮಹಿಳಾ ಐಸ್ ಹಾಕಿ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದದ್ದು ಹೇಗೆಂದು ಬೇರೆ ಯಾರೂ ಹೇಳಬೇಕಿಲ್ಲ. ನಾನು ಎಡಕ್ಕೆ ತಿರುಗಿ ಬಲಗಾಲಿನ ಒಳ ಅಂಚಿನ ಮೇಲೆ ಭಾರ ಹಾಕಿದೆ, ಅದು ಕಚ್ಚಿತು. ನಿಲ್ಲುವಾಗ ಮಾತ್ರ ಎಡ್ಮಂಟನ್‌ನ ರೂಢಿಗಿಂತ ಹೆಚ್ಚು ಒರಟಾಗಿ ಹಿಡಿದು ಮೊದಲೆರಡು ಸಲ ಮುಗ್ಗರಿಸಿದೆ; 12.7ರ ತಗ್ಗಿಗೆ ಮೊಣಕಾಲು ಒಗ್ಗಲು ಅರ್ಧ ಗಂಟೆ ಹಿಡಿಯಿತು. ಬಯಲು ಮಂಜಿನ ಮೇಲೆ ಗಾಳಿ ಧೂಳನ್ನು ತಂದು ಕೂರಿಸುವುದರಿಂದ ಅಂಚು ಒಳಾಂಗಣದಲ್ಲಿರುವಷ್ಟು ಹೊತ್ತು ನಿಲ್ಲುವುದಿಲ್ಲ. ಮೂರನೆಯ ದಿನ ಸಣ್ಣ ಮರಳುಕಣವೊಂದು ಎಡ ಅಲಗಿನ ಹೊರ ಅಂಚಿನಲ್ಲಿ ಗುರುತು ಮಾಡಿತ್ತು. ಜೇಬಿನ ಕೈಸಾಣೆಯಿಂದ ಅದನ್ನು ಸವರಿ ಆಟ ಮುಂದುವರಿಸಿದೆ. ಪ್ರತಿ ಸಂಜೆ ಅಲಗನ್ನು ಒರೆಸಿ ಬಟ್ಟೆಯ ಚೀಲದಲ್ಲಿಟ್ಟೆನೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯ ಬೆಳಿಗ್ಗೆ, ಯಾರೂ ಇಳಿಯದ ಹೊಸ ಮಂಜಿನ ಮೇಲೆ ಎರಡೂ ಕಾಲನ್ನು ನೆಟ್ಟಗಿಟ್ಟು ಸುಮ್ಮನೆ ಜಾರಿ, ಹಿಂದೆ ಬಿದ್ದ ನಾಲ್ಕು ಗೆರೆಗಳ ಚಿತ್ರ ತೆಗೆದು ತಂದೆಯವರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಊಟವಾಯಿತೇ, ಚಳಿ ಹೇಗಿದೆ ಎಂಬ ಮಾತಿಲ್ಲ. “ಬಲಗಾಲಿಂದು ಹೊರಗಿನ ಗೆರಿ ತೆಳ್ಳಗ ಐತಿ, ನೋಡಿದೇನು?” ಎಂದರು. ನಾನು ನೋಡಿರಲಿಲ್ಲ. ಚಿತ್ರವನ್ನು ಹಿಗ್ಗಿಸಿದಾಗ ಕಂಡಿತು. ಬಳ್ಳಾರಿಗೆ ಮರಳಿದಾಗ ಗ್ರಾನೈಟ್‌ನ ಕೆಳಗಿನ 0.05ರ ಎಲೆಯನ್ನು ಅವರು ಆಗಲೇ ತೆಗೆದು ಮೇಜಿನ ಮೇಲೆ ಬೇರೆ ಇಟ್ಟಿದ್ದರು, ಪಕ್ಕದಲ್ಲಿ ಮಾರ್ಕರ್ ಇತ್ತು.